ಪುಸ್ತಕದಾಗ ಓಕ್ ಮರ, ಬಾಗಿಲಾಗ ಬಳ್ಳಾರಿ ಜಾಲಿ: ಮಕ್ಕಳಿಗೆ ಗಿಡ ಪರಿಚಯಿಸೋದು ಹೆಂಗ?

ಪ್ರಶ್ನೆ: ಓದುಗೂಡು_ಕೊಪ್ಪಳ

ನಮ್ಮದು ಕೊಪ್ಪಳ ಜಿಲ್ಲೆಯ ಒಂದು ಗ್ರಾಮ ಪಂಚಾಯಿತಿ ಅರಿವು ಕೇಂದ್ರ (ಗ್ರಂಥಾಲಯ). 3ರಿಂದ 5ನೇ ತರಗತಿಯ 25 ಮಕ್ಕಳು ಶನಿವಾರ ಮಧ್ಯಾಹ್ನ ಬರ್ತಾರೆ. ಗಿಡ, ತೋಟ, ಕಾಡಿನ ಮೇಲಿನ ಚಿತ್ರಪುಸ್ತಕ ನಲವತ್ತರಷ್ಟಿವೆ. ಅರ್ಧ ಅನುವಾದ: ಓಕ್, ಪೈನ್, ಹಿಮ, ಚಳಿಗೆ ಮಲಗುವ ಕರಡಿ. ಉಳಿದರ್ಧ ಕನ್ನಡದವೇ, ಆದರೆ ಮಲೆನಾಡು: ಜಿಗಣೆ, ಅಡಿಕೆ, ಜಡಿಮಳೆ. ಇಲ್ಲಿ ಮಕ್ಕಳ ಕಣ್ಣಿಗೆ ಬೀಳೋದು ಜಾಲಿ, ಬೇವು, ಎಕ್ಕೆ, ಬಂಡೆಗಲ್ಲು. ಕಟ್ಟಡದ ಹಿಂದೆ 10 ಅಡಿಗೆ 12 ಅಡಿ ಮಸಾರಿ (ಕೆಂಪು ಮಣ್ಣಿನ) ನೆಲ ಇದೆ, ಒಂದು ನಳ ಇದೆ. ಖರ್ಚಿಗೆ 2,000 ರೂಪಾಯಿ.

ಇರೋ ಪುಸ್ತಕ ಬಳಸಬಹುದೋ, ಬೇರೆ ತರಿಸಬೇಕೋ? ಅಷ್ಟು ಜಾಗದಲ್ಲಿ ಏನು ಹಾಕಿದರೆ ಪುಸ್ತಕಕ್ಕೂ ಗಿಡಕ್ಕೂ ಕೂಡಿಕೆ ಆಗುತ್ತೆ? ಹೋದ ಸಲ ಹಾಕಿದ ಟೊಮೆಟೊ ಸಸಿಗಳೆಲ್ಲ ಎರಡೇ ವಾರಕ್ಕೆ ಬುಡ ಕರಗಿ ಅಡ್ಡ ಬಿದ್ದವು, ಅದ್ಯಾಕೆ? ತಿಳಿದವರು ಹೇಳ್ರಿ.

ಉತ್ತರ: ತಂಗಡಿಹೂ

ಪುಸ್ತಕ ಎಸೀಬ್ಯಾಡ್ರಿ. ಊರಿಗೆ ಹೊಂದದ ಪುಸ್ತಕಕ್ಕೂ ಒಂದು ಒಳ್ಳೇ ಉಪಯೋಗ ಇದೆ: ಕೈಯಲ್ಲಿ ನಿಜವಾದ ಗಿಡ ಹಿಡಿದುಕೊಂಡು ಪುಸ್ತಕ ಎಲ್ಲಿ ಬೇರೆ ಹೇಳುತ್ತೆ ಅಂತ ಹುಡುಕಿಸೋದು. ಎಂಟು-ಹತ್ತು ವರ್ಷದ ಮಕ್ಕಳಿಗೆ ದೊಡ್ಡವರು ಬರೆದಿದ್ದರಲ್ಲಿ ತಪ್ಪು ಹಿಡಿಯೋದಕ್ಕಿಂತ ರುಚಿ ಬೇರೆ ಇಲ್ಲ.

ಎಲೆ ಉದುರೋದನ್ನೇ ತಗೊಳ್ಳಿ. ಅನುವಾದದ ಪುಸ್ತಕದಲ್ಲಿ ಎಲೆ ಕೆಂಪಾಗಿ ಹಿಮ ಬೀಳೋ ಮೊದಲು ಉದುರುತ್ತೆ. ನಮ್ಮ ಕುರುಚಲು ಕಾಡಿನ ದಿಂಡಿಗ, ಕಮರ, ಮುತ್ತುಗ ಎಲೆ ಕಳಚೋದು ನೀರು ಉಳಿಸಿಕೊಳ್ಳೋಕೆ, ಒಣ ತಿಂಗಳುಗಳಲ್ಲಿ. ಬೇವು ಫೆಬ್ರವರಿ–ಮಾರ್ಚ್‌ನಲ್ಲಿ ಉದುರಿ ಯುಗಾದಿ ಹೊತ್ತಿಗೆ ಚಿಗುರಿ ಹೂ ಬಿಡುತ್ತೆ. ಬೇವು-ಬೆಲ್ಲಕ್ಕೆ ಆ ಹೂವೇ ತಾನೆ? ಕಾರಣ ಬೇರೆ, ತಿಂಗಳು ಬೇರೆ, ಕೆಲಸ ಒಂದೇ. ಹೀಗೆ ಹೋಲಿಸಿದರೆ ಓಕ್ ಮರದ ಪುಸ್ತಕವೂ ಬಂಡೆಗಲ್ಲಿನ ಊರಿಗೆ ದಕ್ಕುತ್ತೆ.

ಕರಡಿಯದೂ ಅದೇ ಕತೆ. 1994ರಿಂದ ಕರಡಿಧಾಮವಾಗಿರೋ ದರೋಜಿ ನಿಮಗೆ ದೂರವೇನಲ್ಲ. ಅಲ್ಲಿನ ಕರಡಿ ಚಳಿಗಾಲಕ್ಕೆ ಮಲಗೋದೇ ಇಲ್ಲ, ಯಾಕಂದ್ರೆ ವರ್ಷಪೂರ್ತಿ ಇರುವೆ, ಗೆದ್ದಲು ಸಿಗುತ್ತೆ. ಮೇಲ್ದವಡೆಯ ಮುಂದಿನ ನಟ್ಟನಡುವಿನ ಎರಡು ಹಲ್ಲು ಅದಕ್ಕೆ ಇರೋದಿಲ್ಲ, ಆ ಸಂದಿಯಿಂದ ಹುತ್ತದೊಳಗಿನ ಗೆದ್ದಲನ್ನು ಉಸಿರೆಳೆದು ಹೀರುತ್ತೆ. ಕಾಲಕ್ಕೆ ಬಾರಿಹಣ್ಣು, ಕವಳಿಹಣ್ಣು, ಜಾನಿಹಣ್ಣು ತಿಂದು ಬೀಜ ಲದ್ದಿಯಲ್ಲಿ ಬಿಟ್ಟು ಹೋಗುತ್ತೆ. ಕರಡಿ ಕತೆ ಓದಿದ ದಿನ ನಾಲ್ಕು ಬಾರಿಹಣ್ಣು ಮುಂದಿಟ್ಟು ‘ಈ ಗಿಡ ನೆಟ್ಟೋರು ಯಾರು?’ ಅಂತ ಕೇಳಿ ನೋಡ್ರಿ.

ಹೊಸ ಪುಸ್ತಕ ಆರಿಸುವಾಗ ಹೂವಿನ ಬಣ್ಣಕ್ಕೆ ಮರುಳಾಗಬೇಡಿ. ಎಲೆ ಕಾಂಡಕ್ಕೆ ಹೇಗೆ ಕೂತಿದೆ ಅಂತ ನೋಡಿ: ಎದುರುಬದುರು ಜೋಡಿಯೋ, ಒಂದಾದ ಮೇಲೊಂದೋ. ಚಿತ್ರಕಾರ ಗಿಡ ನೋಡಿ ಬರೆದನೋ, ಇನ್ನೊಂದು ಚಿತ್ರ ನೋಡಿ ಬರೆದನೋ ಅಲ್ಲೇ ಗೊತ್ತಾಗುತ್ತೆ.

ದುಡ್ಡು ಕಡಿಮೆ ಇದ್ದರೆ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ತಾಣ ಇದೆ (2015ರಿಂದ). ಕನ್ನಡದ ಮಕ್ಕಳ ಪುಸ್ತಕ ಇಳಿಸಿಕೊಂಡು ಮುದ್ರಿಸಬಹುದು. ಮುಕ್ತ ಪರವಾನಗಿ ಇರೋದರಿಂದ ಬರೆದವರ ಹೆಸರು ಉಳಿಸಿ ‘ಹೊಂಗೆ’ ಅಂತಿರೋ ಕಡೆ ನಿಮ್ಮ ಮಕ್ಕಳಾಡುವ ‘ಹುಲಗಲ’ ಅಂತ ಬದಲಿಸಿಕೊಳ್ಳೋಕೂ ಅಡ್ಡಿಯಿಲ್ಲ. ಓದುವ ಮಟ್ಟ ನಾಲ್ಕು, 3ನೇ ತರಗತಿಗೆ ಎರಡನೇ ಮಟ್ಟದಿಂದ ಶುರು ಮಾಡಿ. ಅಚ್ಚಾದ ಪುಸ್ತಕದಲ್ಲಿ ಹೆಸರು ಬೇರೆ ಇದ್ದರೆ ಒಂದು ಚೀಟಿ ಅಂಟಿಸಿದರೆ ಸಾಕು: ಹರಳು ಅಂದ್ರೆ ಔಡಲ, ಕಡಲೆಕಾಯಿ ಅಂದ್ರೆ ಶೇಂಗಾ.

ಉತ್ತರ: ಮಸಾರಿಮಣ್ಣು

ತೋಟದ ಮಾತು ನಾನು ಹೇಳ್ತೀನಿ. ಮಸಾರಿ ನೆಲ ಸಿಕ್ಕಿದ್ದು ನಿಮ್ಮ ಅದೃಷ್ಟ. ಶೇಂಗಾ ಹಾಕ್ರಿ. ಪುಸ್ತಕದ ತಪ್ಪು ಹಿಡಿಯೋಕೆ ಅದಕ್ಕಿಂತ ಒಳ್ಳೇ ಗಿಡ ಇಲ್ಲ. ಎಷ್ಟೋ ಚಿತ್ರಗಳಲ್ಲಿ ಶೇಂಗಾ ಕಾಯಿ ಬೇರಿಗೆ ಜೋತುಬಿದ್ದಂಗೆ ಬರೆದಿರ್ತಾರೆ. ಅದು ಬೇರಿನದಲ್ಲ, ಹೂವಿನದು.

10 ಅಡಿ ಉದ್ದ, 3 ಅಡಿ ಅಗಲ ಒಂದು ಪಾತಿ ಮಾಡಿ. ಅಗಲ ಅದಕ್ಕಿಂತ ಹೆಚ್ಚಾದರೆ ಮಗುವಿನ ಕೈ ನಡುವಿಗೆ ಎಟುಕದೆ ಪಾತಿಯೊಳಗೇ ಕಾಲಿಡ್ತಾರೆ, ಮಣ್ಣು ಗಟ್ಟಿಯಾಗುತ್ತೆ. ಒಂದು ಗೇಣು ಅಗೆದು, ಚೆನ್ನಾಗಿ ಕೊಳೆತ ತಿಪ್ಪೆಗೊಬ್ಬರ ಎರಡು ಬುಟ್ಟಿ, ಮರಳು ಒಂದು ಬುಟ್ಟಿ ಕೂಡಿಸಿ. ಸಾಲಿಂದ ಸಾಲಿಗೆ ಒಂದು ಅಡಿ, ಬೀಜದಿಂದ ಬೀಜಕ್ಕೆ ಅರ್ಧ ಅಡಿ, ಆಳ ಎರಡು ಇಂಚು. ಮೂರು ಸಾಲಿಗೆ 60 ಬೀಜ, ಅಂದ್ರೆ ಮಗುವಿಗೆ ಎರಡು, ಹತ್ತು ಕೈಮೀಸಲು. ಕಿರಾಣಿ ಅಂಗಡಿಯ ಸುಲಿದ ಬೀಜ ಬೇಡ. ಹುಟ್ಟೋ ಮೂತಿ ಮುರಿದಿರುತ್ತೆ, ಸಿಪ್ಪೆ ಹರಿದಿರುತ್ತೆ, ಅರ್ಧಕ್ಕರ್ಧ ಮೊಳೆಯೋದಿಲ್ಲ. ಒಣಗಿದ ಕಾಯಿ ತಂದು, ಬಿತ್ತೋ ಹಿಂದಿನ ದಿನ ಮಕ್ಕಳ ಕೈಯಲ್ಲೇ ಸುಲಿಸಿ. ಸುಲೀತಾ ತಿನ್ನೋದನ್ನು ಲೆಕ್ಕಕ್ಕೆ ಹಿಡಿದು ಕಾಲು ಕೆಜಿ ಹೆಚ್ಚೇ ತರ್ರಿ.

ಜೂನ್‌ನಲ್ಲಿ ಒಂದು ಹದ ಮಳೆ ಬಿದ್ದ ಮೇಲೆ ಬಿತ್ತಿ. ತಿಂಗಳ ಹೊತ್ತಿಗೆ ಹಳದಿ ಹೂ ಬರುತ್ತೆ. ಬೆಳಗ್ಗೆ ಅರಳಿದ್ದು ಅವತ್ತೇ ಬಾಡುತ್ತೆ, ಹಾಗಾಗಿ ಮಧ್ಯಾಹ್ನ ಬರೋ ಮಕ್ಕಳಿಗೆ ಹೂ ಸಿಗೋದಿಲ್ಲ. ಒಂದು ಶನಿವಾರವಾದರೂ ಎಂಟು ಗಂಟೆಯೊಳಗೆ ಕರೀರಿ. ಹೂ ಬಾಡಿದ ಒಂದು ವಾರದಲ್ಲಿ ಅದರ ಬುಡದಿಂದ ನಸುನೇರಳೆ ಬಣ್ಣದ ಸೂಜಿಯಂಥ ಎಳೆ ಹೊರಟು, ತಲೆ ಕೆಳಗೆ ಮಾಡಿ ಮಣ್ಣಿಗಿಳಿಯುತ್ತೆ. ಅದರ ತುದಿಯಲ್ಲೇ ಮುಂದಿನ ಕಾಯಿ. ಒಂದೆರಡು ಇಂಚು ಒಳಗೆ ಹೋಗಿ ಕತ್ತಲೆ ಸಿಕ್ಕ ಮೇಲಷ್ಟೇ ಅಡ್ಡಕ್ಕೆ ತಿರುಗಿ ಉಬ್ಬುತ್ತೆ. ಮೇಲಿನ ಗೆಣ್ಣಿನಿಂದ ಹೊರಟ ಎಳೆ ನೆಲ ಮುಟ್ಟದೆ ಒಣಗಿಹೋಗುತ್ತೆ. ಎರಡು ಎಳೆಗೆ ಬಣ್ಣದ ದಾರ ಕಟ್ಟಿಸಿ, ಒಂದು ಮಣ್ಣಿಗಿಳಿದದ್ದು, ಒಂದು ಮೇಲೇ ಉಳಿದದ್ದು. ಆ ದಿನ ಶೇಂಗಾದ ಚಿತ್ರವಿರೋ ಪುಸ್ತಕ ತೆಗೀರಿ, ಅದಕ್ಕಿಂತ ಮೊದಲು ಬೇಡ. ಈ ಹೊತ್ತಿಗೆ ಮೇಲ್ಮಣ್ಣು ಹೆಪ್ಪುಗಟ್ಟಿದ್ದರೆ ಎಳೆ ತೂರೋದಿಲ್ಲ. ಎರೆ (ಕಪ್ಪು ಮಣ್ಣಿನ) ಭೂಮಿ ಒಣಗಿ ಬಿಗಿದರೆ ಶೇಂಗಾಕ್ಕೆ ಕಷ್ಟ ಆಗೋದೂ ಇದಕ್ಕೇ. ಹೂ ಶುರುವಾಗೋ ಮೊದಲು ಒಮ್ಮೆ ಸಡಿಲು ಮಾಡಿ ಬುಡಕ್ಕೆ ಮಣ್ಣೇರಿಸಿ, ಆಮೇಲೆ ಕೆದಕಬೇಡಿ. ಕೀಳೋದು 105–115 ದಿನಕ್ಕೆ. ಒಂದು ಗಿಡ ಕಿತ್ತು ನೋಡಿ: ಸಿಪ್ಪೆಯ ಒಳಮೈ ಕಂದು ಬಣ್ಣಕ್ಕೆ ತಿರುಗಿದ್ದರೆ ಬಲಿತಿದೆ.

ಟೊಮೆಟೊ ಸತ್ತದ್ದು ನೀರು ಹೆಚ್ಚಾಗಿ. 25 ಮಕ್ಕಳೂ ಒಂದೊಂದು ಮಗ್ ಸುರಿದರೆ ಮಣ್ಣು ಒಣಗೋಕೆ ಪುರಸೊತ್ತೆಲ್ಲಿ? ಒದ್ದೆ ಮಣ್ಣಿನ ಬೂಷ್ಟು ನೆಲಮಟ್ಟದಲ್ಲಿ ಕಾಂಡ ಹಿಡಿಯುತ್ತೆ, ಅಲ್ಲಿ ನೂಲಿನಂಗೆ ಸಣ್ಣಗಾಗಿ ಸಸಿ ಮಗ್ಗುಲಾಗುತ್ತೆ. ಸಸಿ ಒತ್ತೊತ್ತಾಗಿದ್ದರೆ, ಹಸಿ ಗೊಬ್ಬರ ಹಾಕಿದ್ದರೆ ಇನ್ನೂ ಬೇಗ. ವಾರಕ್ಕೊಬ್ಬ ನೀರುಗಾರನನ್ನು ನೇಮಿಸಿ, ಬೆರಳಿನ ಎರಡನೇ ಗೆಣ್ಣಿನವರೆಗೆ ಮಣ್ಣು ಒಣಗಿದ್ದರೆ ಮಾತ್ರ ನೀರು. ಬಿದ್ದ ಸಸಿ ಕಿತ್ತು ದೂರ ಎಸೀರಿ, ಆ ಮಣ್ಣಲ್ಲಿ ಈ ಹಂಗಾಮಿಗೆ ಟೊಮೆಟೊ, ಬದನೆ ಬೇಡ.

ಇನ್ನೊಂದು, ಮೊಳಕೆ ಬಂತೋ ಅಂತ ಮಕ್ಕಳು ದಿನಾ ಬೀಜ ಬಗೆದು ನೋಡ್ತಾರೆ, ಬೈದು ಉಪಯೋಗವಿಲ್ಲ. ಗಾಜಿನ ಲೋಟದ ಒಳಗೋಡೆಗೆ ಒದ್ದೆ ಪೇಪರ್ ಸುತ್ತಿ, ಗಾಜಿಗೂ ಪೇಪರ್‌ಗೂ ನಡುವೆ ನಾಲ್ಕು ಹೆಸರುಕಾಳು ಸಿಕ್ಕಿಸಿ, ತಳದಲ್ಲಿ ಅರ್ಧ ಬೆರಳು ನೀರು ಬಿಡಿ. ಒಂದೆರಡು ದಿನಕ್ಕೆ ಬೇರು ಕಾಣುತ್ತೆ. ಕಾಳು ನೀರಲ್ಲಿ ಮುಳುಗಬಾರದು, ಗಾಳಿ ಸಿಗದೆ ಕೊಳೆತು ನಾರುತ್ತೆ. ಬೇರು ಇಣುಕಿದ ಮೇಲೆ ಲೋಟ ಅಡ್ಡ ಮಲಗಿಸಿದರೆ ಮರುದಿನ ಬೇರು ಮತ್ತೆ ನೆಲದ ಕಡೆಗೇ ಬಾಗಿರುತ್ತೆ. ಬೀಜದ ಯಾವ ಪುಸ್ತಕ ಓದೋ ಮುಂಚೆಯೂ ಇದನ್ನು ಮಾಡ್ರಿ.

ಉತ್ತರ: ಕವಳಿಕಂಟಿ

ತಂಗಡಿಹೂ ಅವರ ಮಾತಿಗೆ ಒಂದು ತಕರಾರು. ತಪ್ಪು ಹುಡುಕೋದೇ ಚಟವಾದರೆ ಕತೆ ಸಾಯುತ್ತೆ. ಮೊದಲ ಓದು ಕತೆಗೆ, ಬಾಯಿ ಮುಚ್ಚಿಕೊಂಡು. ಗಿಡ ತರೋದು ಎರಡನೇ ಓದಿಗೆ. ಆರು ವರ್ಷದೊಳಗಿನ ತಮ್ಮ-ತಂಗಿಯರೂ ಜತೆಗೆ ಬಂದರೆ ಅವರಿಗೆ ತಪ್ಪು-ಸರಿ ಬೇಡವೇ ಬೇಡ, ಐದು ಎಲೆ ಕೊಟ್ಟು ಚಿತ್ರಕ್ಕೆ ಜೋಡಿ ಮಾಡಿಸಿ ಸಾಕು.

ಶಾಲೆ ದಾರಿಯಲ್ಲೇ ಸಿಗೋ ಮೂರು ಮುಳ್ಳಿನ ಮರ ಇಟ್ಟುಕೊಳ್ಳಿ. ದೂರದಿಂದ ಎಲ್ಲದರ ಎಲೆಯೂ ಒಂದೇ ಥರ ಸಣ್ಣ ಸಣ್ಣದು. ಕರಿಜಾಲಿಗೆ ಬಿಳಿಚು ಉದ್ದ ಮುಳ್ಳು ಜೋಡಿ ಜೋಡಿ, ಹೂ ಹಳದಿ ಗುಂಡು, ಕಾಯಿ ಮಣಿಸರದಂಗೆ ನಡುನಡುವೆ ಹಿಂಡಿರುತ್ತೆ. ಬಳ್ಳಾರಿ ಜಾಲಿ ಹೂ ಬೆರಳುದ್ದದ ತೆನೆ, ಕಾಯಿ ಹಳದಿ, ಸಿಹಿ. ಆಡು ತಿಂದು ಹಿಕ್ಕೆಯಲ್ಲಿ ಬೀಜ ಬಿತ್ತುತ್ತೆ. ಬನ್ನಿಯ ಮುಳ್ಳು ಗಿಡ್ಡ, ಜೋಡಿಯಲ್ಲ, ಕಾಂಡದ ಮೇಲೆ ಅಲ್ಲಲ್ಲಿ ಚದುರಿರುತ್ತೆ. ದಸರೆಗೆ ‘ಬನ್ನಿ ತಗೊಂಡು ಬಂಗಾರದಂಗಿರೋಣ’ ಅಂತ ಹಂಚೋ ಮುಂಚೆ ಮಕ್ಕಳು ಮುಳ್ಳು ನೋಡಿ ಗುರುತಿಸಲಿ. ಕೈಗೆ ಬಂದದ್ದು ಜಾಲಿಯೂ ಆಗಿರಬಹುದು!

ಹೆಸರಿಗೆ ಬಳ್ಳಾರಿ, ಆದರೆ ಆ ಜಾಲಿಯ ತವರು ಮೆಕ್ಸಿಕೋ, ಮಧ್ಯ ಅಮೆರಿಕ, ದಕ್ಷಿಣ ಅಮೆರಿಕದ ಉತ್ತರ ಭಾಗ. ಶೇಂಗಾ, ಮೆಣಸಿನಕಾಯಿ, ಟೊಮೆಟೊ, ಬೆಟ್ಟದ ಮೇಲೆ ತಾನೇ ಬೆಳೆದಂತಿರೋ ಸೀತಾಫಲ, ಎಲ್ಲ ಆ ಕಡೆಯಿಂದಲೇ ಬಂದವು. ಬಿ.ಜಿ.ಎಲ್. ಸ್ವಾಮಿಯವರ ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ’ ಇರೋದು ಇಂಥವುಗಳ ಮೇಲೆಯೇ. ಮಕ್ಕಳು ತಾವೇ ಓದೋ ಪುಸ್ತಕವಲ್ಲ, ನೀವು ಓದಿಕೊಂಡು ಎರಡು ಪುಟದಷ್ಟು ಹೇಳಿ, ಆಮೇಲೆ ಬುತ್ತಿ ಬಿಚ್ಚಿಸಿ ಯಾವ್ಯಾವುದು ಸಮುದ್ರ ದಾಟಿ ಬಂತು ಅಂತ ಪಟ್ಟಿ ಮಾಡಿಸಿ. ಸಜ್ಜಿ ರೊಟ್ಟಿಯೂ ಆಫ್ರಿಕಾದ್ದು ಅಂದಾಗ ಗದ್ದಲ ಏಳುತ್ತೆ.

ಎಲೆ ಒಣಗಿಸಿ ಮಕ್ಕಳದೇ ಪುಸ್ತಕ ಮಾಡಿಸ್ತೀರಾದ್ರೆ ದಿನಪತ್ರಿಕೆ ನಡುವೆ ಇಟ್ಟು ಮೇಲೆ ನಾಲ್ಕು ಇಟ್ಟಂಗಿ ಹೇರಿ. ಮೊದಲ ನಾಲ್ಕು ದಿನ ದಿನಾ ಪೇಪರ್ ಬದಲಿಸಿ, ಇಲ್ಲದಿದ್ದರೆ ಕಪ್ಪಾಗಿ ಬೂಷ್ಟು ಬರುತ್ತೆ. ಮೈದಾ ಅಂಟು ಬೇಡ, ಹುಳ ಹಿಡಿಯುತ್ತೆ. ಹಳೆ ಕ್ಯಾಲೆಂಡರ್ ಹಿಂಬದಿಗೆ ದಾರದಿಂದ ಎರಡು ಹೊಲಿಗೆ ಹಾಕಿ. ಜಾಲಿಯಂಥ ಸಣ್ಣೆಲೆ ಒಣಗಿದ ಮೇಲೆ ಕಳಚಿ ಬೀಳುತ್ತೆ, ಅದಕ್ಕೊಂದು ಕಾಗದದ ಪಾಕೀಟು ಮಾಡಿ ಅಂಟಿಸಿ.

ಮುಟ್ಟಿಸಬಾರದ್ದು ಮೊದಲೇ ತೋರಿಸಿಬಿಡಿ: ಗಣಗಿಲೆ, ಉಮ್ಮತ್ತಿ, ಗುಲಗಂಜಿ, ಔಡಲ ಬೀಜ, ಇವು ಬಾಯಿಗೆ ಹೋದರೆ ವಿಷ. ಎಕ್ಕೆ ಹಾಲು ಕಣ್ಣಿಗೆ ತಾಗಬಾರದು. ಕಾಂಗ್ರೆಸ್ ಕಸ ಬರಿಗೈಲಿ ಕೀಳಿಸಬೇಡಿ. ಭೂತಗನ್ನಡಿ ಕೊಂಡರೆ ಅದರಲ್ಲಿ ಸೂರ್ಯನ ಕಡೆ ನೋಡಬಾರದು ಅನ್ನೋದನ್ನು ಕೈಗೆ ಕೊಡೋ ಮುಂಚೆಯೇ ಹೇಳಿ.

ಓದುಗೂಡು_ಕೊಪ್ಪಳ

ಎಲ್ಲರಿಗೂ ಶರಣು. ಒಂದು ಉಳೀತು. ಕೇಂದ್ರದ ಮುಂದಿನ ಕರಿಬೇವಿನ ಮೇಲೆ ಹಕ್ಕಿ ಹಿಕ್ಕೆಯಂಥ ಹುಳ ಇವೆ. ಔಷಧಿ ಹೊಡೀಬೇಕಾ?

ಉತ್ತರ: ತಂಗಡಿಹೂ

ಅಯ್ಯೋ, ಹೊಡೀಬ್ಯಾಡ್ರಿ. ಅದು ಹೆಚ್ಚಾಗಿ ನಿಂಬೆ ಚಿಟ್ಟೆ ಇಲ್ಲವೇ ಅದರ ಬಳಗದ ಕಂಬಳಿ ಇಲ್ಲದ ಹುಳ. ಹಕ್ಕಿಗೆ ಹಿಕ್ಕೆಯಂಗೆ ಕಾಣಲಿ ಅಂತಲೇ ಆ ವೇಷ, ದೊಡ್ಡದಾದ ಮೇಲೆ ಎಲೆ ಹಸಿರಿಗೆ ತಿರುಗುತ್ತೆ. ಕಡ್ಡಿಯಿಂದ ಮೆಲ್ಲಗೆ ಮುಟ್ಟಿದರೆ ತಲೆಯ ಹಿಂದಿನಿಂದ ಕವಲು ಕೊಂಬು ಚಾಚಿ ಗಮ್ಮಂತ ವಾಸನೆ ಬಿಡುತ್ತೆ. ಎರಡು ಹುಳ ಮಾತ್ರ ರೆಂಬೆ ಸಮೇತ ಡಬ್ಬಿಗೆ ಹಾಕಿ, ಬಾಯಿಗೆ ಸೊಳ್ಳೆಪರದೆ ಬಟ್ಟೆ ಕಟ್ಟಿ, ದಿನಾ ಹೊಸ ಎಲೆ ಕೊಟ್ಟು ಹಿಕ್ಕೆ ಚೆಲ್ಲಿ. ನೀರಿನ ಬಟ್ಟಲು ಇಡಬೇಡಿ, ಹುಳ ಬಿದ್ದು ಸಾಯುತ್ತೆ. ಗಿಡದಲ್ಲಿ ಉಳಿದವು ಅಲ್ಲೇ ಇರಲಿ.

ಎಷ್ಟೋ ಪುಸ್ತಕದಲ್ಲಿ ‘ಚಿಟ್ಟೆ ನೂಲಿನ ಗೂಡು ಕಟ್ಟಿತು’ ಅಂತಿರುತ್ತೆ. ಹಾಗೆ ಗೂಡು ಸುತ್ತೋದು ರೇಷ್ಮೆಯಂಥ ಪತಂಗ. ಇದು ಸೊಂಟಕ್ಕೊಂದು ಎಳೆ ಬಿಗಿದುಕೊಂಡು ಬರಿಮೈ ಕೋಶವಾಗಿ ಕಡ್ಡಿಗೆ ಆತುಕೊಳ್ಳುತ್ತೆ, ಹಾಗಾಗಿ ಡಬ್ಬಿಯಲ್ಲಿ ಒಂದು ಒಣಕಡ್ಡಿ ಓರೆಯಾಗಿ ನಿಲ್ಲಿಸಿ. ಕೆಲವು ಸಲ ಚಿಟ್ಟೆಯ ಬದಲು ಸಣ್ಣ ಕಣಜವೋ ನೊಣವೋ ಹೊರಬರುತ್ತೆ, ಅದರ ತಾಯಿ ಮೊದಲೇ ಹುಳಕ್ಕೆ ಮೊಟ್ಟೆ ಇಟ್ಟಿರುತ್ತೆ. ಮಕ್ಕಳಿಗೆ ಅದನ್ನೂ ಮುಚ್ಚಿಡಬೇಡಿ. ಕೋಶ ಕಪ್ಪಾಗಿ ಒಳಗಿನ ರೆಕ್ಕೆ ಬಣ್ಣ ಹೊರಗೆ ಕಂಡರೆ ಸಾಮಾನ್ಯವಾಗಿ ಮರುದಿನ ಬೆಳಗ್ಗೆಯೇ ಒಡೆಯುತ್ತೆ. ಅವತ್ತು ಬಾಗಿಲು ಬೇಗ ತೆಗೀರಿ.