ಎದೆಬಡಿತದ ರೋಗಕ್ಕೆ ಇಲಿ ಸಂಶೋಧನೆ ಇನ್ನೂ ಬೇಕಾ?

ರಘು: ಏಟ್ರಿಯಲ್ ಫಿಬ್ರಿಲೇಶನ್, ಅಂದರೆ ಹೃದಯದ ಮೇಲಿನ ಕೋಣೆಗಳು ಲಯ ತಪ್ಪಿ ಅದುರುವ ರೋಗ, ನನಗೆ ಆರು ವರ್ಷದಿಂದ ಇದೆ. ಎಡಮಗ್ಗುಲಾಗಿ ಮಲಗಿದರೆ ದಿಂಬಿನಲ್ಲೇ ಬಡಿತ ಕೇಳಿಸುತ್ತದೆ. ಎರಡು ಬೇಗ ಬೇಗ, ಒಂದು ಮಾಯ, ಆಮೇಲೆ ಮೂರು ಒಟ್ಟಿಗೆ. ಹೊಸ ಸಂಶೋಧನೆ ಏನಿದೆ ಅಂತ ನೋಡಿದರೆ ಮತ್ತೆ ಇಲಿ. ಇಲಿಯ ಹೃದಯ ನಿಮಿಷಕ್ಕೆ ಸುಮಾರು 600 ಸಲ ಬಡಿಯುತ್ತದೆ, ನಮ್ಮದು 70ರ ಆಸುಪಾಸು. ಈ ದುಡ್ಡನ್ನೆಲ್ಲ ರೋಗಿಗಳ ಮೇಲಿನ ಪರೀಕ್ಷೆಗಳಿಗೇ ಹಾಕಬೇಕು. ಕಾಸ್ಟ್ ಪರೀಕ್ಷೆ ನೆನಪಿದೆಯಲ್ವಾ? ಹೃದಯಾಘಾತ ಆದವರಲ್ಲಿ ನಡುವೆ ಬರುವ ತಪ್ಪು ಬಡಿತಗಳನ್ನು ಅಡಗಿಸಿದರೆ ಜೀವ ಉಳಿಯುತ್ತದೆ ಅಂತ ನಂಬಿದ್ದರು. ಫ್ಲೆಕೈನೈಡ್, ಎನ್ಕೈನೈಡ್ ಮಾತ್ರೆಗಳು ಬಡಿತವನ್ನೇನೋ ಅಡಗಿಸಿದವು. ಆದರೆ 1991ರ ವರದಿ ನೋಡಿ: ಮಾತ್ರೆ ತಗೊಂಡವರಲ್ಲಿ 63 ಸಾವು, ಹುಸಿಮಾತ್ರೆ ತಗೊಂಡವರಲ್ಲಿ 26.

ಗೀತಾ ಎಂ.: ಕಾಸ್ಟ್‌ನಲ್ಲಿ ಇಲಿ ಎಲ್ಲಿ ಬಂತು ಸಾರ್? ಅಲ್ಲಿ ಸೋತಿದ್ದು ಮನುಷ್ಯರ ಇಸಿಜಿ ನೋಡಿ ಡಾಕ್ಟರುಗಳು ಕಟ್ಟಿಕೊಂಡ ನಂಬಿಕೆ.

ವಿನಯ್: ರಘು ಅವರು ಹೇಳಿದ್ದು ಸರಿ. ದೊಡ್ಡ ಇಲಿಯ ಹೃದಯದಲ್ಲಿ ಹರ್ಗ್ ಅನ್ನುವ ಪೊಟ್ಯಾಸಿಯಂ ದಾರಿಗೆ ಹೆಚ್ಚು ಕೆಲಸವೇ ಇಲ್ಲ. ನಮ್ಮಲ್ಲಿ ಪ್ರತಿ ಬಡಿತ ಮುಗಿದ ಮೇಲೆ ಹೃದಯ ಸುಧಾರಿಸಿಕೊಳ್ಳೋಕೆ ಅದು ಬೇಕೇ ಬೇಕು. ಟರ್ಫೆನಡಿನ್ ಅನ್ನುವ ಅಲರ್ಜಿ ಮಾತ್ರೆ ಆ ದಾರಿಯನ್ನೇ ಮುಚ್ಚುತ್ತಿತ್ತು. ಅದರಿಂದ ಜನ ಸತ್ತರು. 1990ರ ದಶಕದ ಕೊನೆಗೆ ಅದನ್ನು ಮಾರುಕಟ್ಟೆಯಿಂದ ತೆಗೆಯಬೇಕಾಯಿತು. ಇಲಿ ಇದನ್ನು ಹೇಗೆ ಹೇಳುತ್ತೆ?

ಗೀತಾ ಎಂ.: ಹರ್ಗ್ ಸಿಕ್ಕಿದ್ದು ಹೇಗೆ ಗೊತ್ತಾ? ಹಣ್ಣಿನ ನೊಣದಿಂದ. ಈಥರ್ ಕೊಟ್ಟಾಗ ಕಾಲು ನಡುಗಿಸುವ ಒಂದು ಬಗೆಯ ನೊಣ ಇತ್ತು. ಅದರ ಜೀನಿನ ಜಾಡು ಹಿಡಿದು ಮನುಷ್ಯರಲ್ಲಿ ಹುಡುಕಿ, 1994ರಲ್ಲಿ ಹರ್ಗ್ ಪ್ರಕಟಿಸಿದರು. ಮರುವರ್ಷವೇ, ಅದರ ಜೀನ್ ಕೆಟ್ಟರೆ ಲಾಂಗ್ ಕ್ಯೂಟಿ ರೋಗ, ಅಂದರೆ ಪ್ರತಿ ಬಡಿತದ ಮೇಲೆ ಹೃದಯ ಸುಧಾರಿಸಿಕೊಳ್ಳೋಕೆ ತಡವಾಗುವ ರೋಗ, ಬರಬಹುದು ಅಂತ ತಿಳಿಯಿತು. ನೊಣ ನೋಡುತ್ತಾ ಕೂತವರನ್ನು ಅವತ್ತು "ದುಡ್ಡು ದಂಡ" ಅಂತ ಎಬ್ಬಿಸಿ ಕಳಿಸಬೇಕಿತ್ತಾ?

ವಿನಯ್: ನಾನು ಹೇಳಿದ್ದು ಇಲಿ. ನೊಣ ಅಂದೇ ಇಲ್ಲ.

ಗೀತಾ ಎಂ.: ನೊಣ ಇಲಿಗಿಂತ ನಮಗೆ ಹತ್ತಿರವಾ?

ವಿನಯ್: ಜೀನ್ ಹುಡುಕೋದು ಬೇರೆ, ಮಾತ್ರೆ ಪರೀಕ್ಷಿಸೋದು ಬೇರೆ. ನೀವು ಎರಡನ್ನೂ ಕಲಸುತ್ತಿದ್ದೀರಿ. ಮಾತ್ರೆಗೆ ಈಗ ಕಾಂಡಕೋಶದಿಂದ ಬೆಳೆಸಿದ ಮನುಷ್ಯರ ಹೃದಯಕೋಶಗಳೇ ಇವೆ.

ಗೀತಾ ಎಂ.: ಆ ಕೋಶಗಳ ಜೊತೆ ನಾನು ನಾಲ್ಕು ವರ್ಷ ಕೆಲಸ ಮಾಡಿದ್ದೇನೆ. ಮೈಕ್ರೋಸ್ಕೋಪಿನಲ್ಲಿ ತಟ್ಟೆಯ ತುಂಬ ತಮ್ಮಷ್ಟಕ್ಕೆ ತಾವೇ ಮಿಡಿಯುತ್ತಿರುತ್ತವೆ. ನೋಡಿದ ಮೊದಲ ದಿನ ಕಣ್ಣು ತೆಗೆಯೋಕೆ ಆಗಲಿಲ್ಲ. ಆದರೆ ಅವು ಹುಟ್ಟದ ಮಗುವಿನ ಕೋಶಗಳ ಹಾಗೆ, ಬಲಿತಿರುವುದಿಲ್ಲ. ವಯಸ್ಸಾದವರ ಗಾಯದ ಕಲೆ ಬಿದ್ದ ಹೃದಯ ತಟ್ಟೆಯಲ್ಲಿ ಬರೋದಿಲ್ಲ.

ವಿನಯ್: "ನಾಲ್ಕು ವರ್ಷ ಕೆಲಸ ಮಾಡಿದ್ದೇನೆ." ಅದಕ್ಕೇ ಇಷ್ಟು ಪಟ್ಟು. ಸಂಬಳ ಬರೋದೂ ಅಲ್ಲಿಂದಲೇ ಅಲ್ವಾ?

ಗೀತಾ ಎಂ.: ನನ್ನ ಸಂಬಳದ ಮಾತು ಬೇಡ. ಉತ್ತರ ಇದ್ದರೆ ಕೊಡಿ, ಇಲ್ಲದಿದ್ದರೆ ಸುಮ್ಮನಿರಿ.

ಶಂಕರಪ್ಪ: ಜಗಳ ಬಿಡಿ. ನಮ್ಮ ತಾಯಿಗೆ ಅಬ್ಲೇಷನ್, ಅಂದರೆ ಹೃದಯದೊಳಗೆ ತಪ್ಪು ಬಡಿತದ ಜಾಗವನ್ನು ಸುಡುವ ಚಿಕಿತ್ಸೆ, ಮಾಡಿಸಿ ಅಂತ ಹೇಳಿದ್ದಾರೆ. ಮಾಡಿಸಬಹುದಾ?

ರಘು: ಡಾಕ್ಟರ ಹತ್ತಿರ ಬಿಡಿಸಿ ಕೇಳಿ ಶಂಕರಪ್ಪನವರೇ, ಇಲ್ಲಿ ಯಾರ ಮಾತನ್ನೂ ನಂಬಬೇಡಿ. ಆದರೆ ಒಂದು ನೋಡಿ, ಅಬ್ಲೇಷನ್‌ಗೆ ದಾರಿ ತೋರಿಸಿದ್ದು 1998ರಲ್ಲಿ ಹೈಸಾಗೆರ್ ತಂಡ. 45 ರೋಗಿಗಳ ಹೃದಯದೊಳಗೆ ತಂತಿ ಇಟ್ಟು ಹುಡುಕಿದರು. ತಪ್ಪು ಬಡಿತ ಹೆಚ್ಚಾಗಿ ಹುಟ್ಟೋದು ಶ್ವಾಸಕೋಶದಿಂದ ಬರುವ ರಕ್ತನಾಳಗಳಲ್ಲಿ ಅಂತ ಗೊತ್ತಾಯಿತು. ರೋಗಿಗಳು! ಇಲಿ ಅಲ್ಲ.

ಗೀತಾ ಎಂ.: ಆಡು ಬಿಟ್ಟಿರಿ. 1995ರಲ್ಲಿ ಮಾಸ್ಟ್ರಿಕ್ಟ್‌ನಲ್ಲಿ ಅಲೆಸ್ಸಿ ತಂಡ ಆಡುಗಳಲ್ಲಿ ತೋರಿಸಿತು, ಈ ಅದುರು ಇದ್ದಷ್ಟೂ ಬೇರು ಬಿಡುತ್ತದೆ ಅಂತ. ಬೇಗ ಲಯಕ್ಕೆ ತರಬೇಕು ಅನ್ನೋ ಮಾತಿಗೆ ಬಲ ಬಂದಿದ್ದು ಅಲ್ಲಿಂದ.

ರಘು: 2002ರ ಅಫರ್ಮ್ ಪರೀಕ್ಷೆ ಅದನ್ನೇ ಬೀಳಿಸಿತು. 4060 ರೋಗಿಗಳು. ಲಯಕ್ಕೆ ತಂದರೂ ಸಾವು ಕಡಿಮೆ ಆಗಲಿಲ್ಲ.

ಗೀತಾ ಎಂ.: ಅಲ್ಲಿ ರೋಗ ಹೊಸದಾಗಿ ಗೊತ್ತಾದವರನ್ನೇ ಆರಿಸಿರಲಿಲ್ಲ. 2020ರ ಈಸ್ಟ್ ಪರೀಕ್ಷೆಯಲ್ಲಿ ರೋಗ ಗೊತ್ತಾದ ಒಂದು ವರ್ಷದೊಳಗಿನ 2789 ಜನ. ಹೃದಯರೋಗದ ಸಾವು, ಪಾರ್ಶ್ವವಾಯು ಮುಂತಾದ ಕೆಟ್ಟ ಘಟನೆ ಎಲ್ಲ ಸೇರಿಸಿದರೆ, ಬೇಗ ಲಯಕ್ಕೆ ತರುವ ಚಿಕಿತ್ಸೆ ಪಡೆದವರಲ್ಲಿ ವರ್ಷಕ್ಕೆ 100 ಜನರಿಗೆ 3.9. ಎಂದಿನ ಚಿಕಿತ್ಸೆಯವರಲ್ಲಿ 5.0. ಆಡು ಹೇಳಿದ್ದೇ ನಿಜ ಆಯಿತು.

ರಘು: ನಿಜ ಅಂತ ಹೇಳಿದ್ದು 2789 ಮನುಷ್ಯರು. ನಾನು ಮೊದಲಿಂದ ಹೇಳುತ್ತಿರುವುದೂ ಅದೇ.

ಗೀತಾ ಎಂ.: "ಈ ದುಡ್ಡನ್ನೆಲ್ಲ" ಅಂತ ಬರೆದಿದ್ದೀರಿ. ಎಲ್ಲ ಅಂದರೆ ಎಲ್ಲ. ಮೇಲೆ ಹೋಗಿ ಓದಿ.

ರಘು: ಜಾಸ್ತಿ ಪಾಲು ಅಂತ ಓದಿಕೊಳ್ಳಿ. ಇಲಿಯ ಬಗ್ಗೆ ನನ್ನ ಮಾತು ಬದಲಾಗಿಲ್ಲ.

ವಿನಯ್: ನೊಣ ಆಯಿತು, ಆಡು ಆಯಿತು. ಇಲಿ ಟರ್ಫೆನಡಿನ್ ಹಿಡಿಯುತ್ತಿತ್ತಾ ಅನ್ನೋದಕ್ಕೆ ಇನ್ನೂ ಉತ್ತರ ಬಂದಿಲ್ಲ ಮೇಡಂ.