ಅಪ್ಪನ ಸಿಡಿ, ಕ್ಯಾಸೆಟ್‌ಗಳನ್ನು ಮನೆಯೆಲ್ಲಾ ಕೇಳುವಂತೆ ಮಾಡುವುದು ಹೇಗೆ? ಮಾಡಿದವರು ಹೇಳಿ

ಕೇಳಿದವರು, ಶಿವಮೊಗ್ಗ

ನಮ್ಮಪ್ಪ ವರ್ಷಗಟ್ಟಲೆ ಕೂಡಿಟ್ಟ ಸಂಗೀತ ಮನೆಯಲ್ಲಿದೆ. ಸುಮಾರು 400 ಸಿಡಿ, 150 ಕ್ಯಾಸೆಟ್. ಅಪ್ಪ ಈಗಿಲ್ಲ. ಅಮ್ಮನಿಗೆ ಅವನ್ನೆಲ್ಲಾ ಮತ್ತೆ ಕೇಳುವ ಆಸೆ, ಆದರೆ ಸಿಡಿ ಪ್ಲೇಯರ್ ಕೆಟ್ಟು ಕೂತಿದೆ. ಎಲ್ಲವನ್ನೂ ಒಂದೇ ಕಡೆ ತುಂಬಿಸಿ ಹಾಲ್, ಅಡುಗೆಮನೆ, ಮಹಡಿ ರೂಮು, ಮೂರೂ ಕಡೆ ಕೇಳುವ ಹಾಗೆ ಮಾಡಬೇಕು. ಅಂಗಡಿಯಲ್ಲಿ ಎರಡು ಡಿಸ್ಕಿನ ನ್ಯಾಸ್ (ಮನೆಯ ಎಲ್ಲ ಉಪಕರಣಗಳಿಗೂ ಫೈಲ್ ಕೊಡುವ ಡಿಸ್ಕ್ ಪೆಟ್ಟಿಗೆ) ತಗೊಳ್ಳಿ ಅಂದರು, ಅದು ನನಗೆ ಜಾಸ್ತಿ ಖರ್ಚು. ಮನೆ ಹಳೇ ಜಂಬಿಟ್ಟಿಗೆಯದು, ವೈಫೈ ಮಹಡಿ ಹತ್ತುವುದೇ ಇಲ್ಲ. ಅಮ್ಮ ಮೊಬೈಲ್ ಅಷ್ಟಾಗಿ ಮುಟ್ಟುವುದಿಲ್ಲ. ಎಲ್ಲಿಂದ ಶುರು ಮಾಡಲಿ?

ಮೈಸೂರಿನಿಂದ

ನಾನು ಇದನ್ನೇ ನಾಲ್ಕು ವರ್ಷದ ಹಿಂದೆ ಮಾಡಿದೆ, ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ. ಮೊದಲು ಲೆಕ್ಕ ನೋಡಿ. ಒಂದು ಸಿಡಿ ಫ್ಲಾಕ್ ಆಗಿ ಇಳಿಸಿದರೆ 300ರಿಂದ 400 ಎಂಬಿ. ಫ್ಲಾಕ್ ಅಂದರೆ ಗಾತ್ರ ಕುಗ್ಗುತ್ತದೆ, ಧ್ವನಿಯಲ್ಲಿ ಏನೂ ಹೋಗುವುದಿಲ್ಲ. ನಿಮ್ಮ 400 ಸಿಡಿಗೆ 150 ಜಿಬಿ ಆಸುಪಾಸು, ಕ್ಯಾಸೆಟ್ ಸೇರಿಸಿದರೂ 250 ದಾಟುವುದು ಕಷ್ಟ. 1 ಟಿಬಿ ಡಿಸ್ಕ್ ಒಂದಿದ್ದರೆ ಧಾರಾಳ. ಇಷ್ಟಕ್ಕೆ ದೊಡ್ಡ ನ್ಯಾಸ್ ಬೇಡವೇ ಬೇಡ. ಒಂದು ರಾಸ್ಪ್‌ಬೆರಿ ಪೈ 4 ಅನ್ನುವ ಪುಟ್ಟ ಕಂಪ್ಯೂಟರ್, ಅದಕ್ಕೆ ಒಂದು ಯುಎಸ್‌ಬಿ ಡಿಸ್ಕ್, ಸಾಕು. ಮನೆಯಲ್ಲಿ ಹಳೇ ಲ್ಯಾಪ್‌ಟಾಪ್ ಇದ್ದರೆ ಅದೂ ಆಗುತ್ತದೆ. ಡಿಸ್ಕ್ ಮಾತ್ರ ಸ್ವಂತ ಅಡಾಪ್ಟರ್ ಇರುವುದನ್ನೇ ತಗೊಳ್ಳಿ, ಇಲ್ಲವೇ ಕರೆಂಟ್ ಕೊಡುವ ಯುಎಸ್‌ಬಿ ಹಬ್ ಮಧ್ಯ ಹಾಕಿ. ಪೈ ತನ್ನ ನಾಲ್ಕೂ ಯುಎಸ್‌ಬಿಗೆ ಒಟ್ಟು ಕೊಡುವುದು 1.2 ಆಂಪ್ ಮಾತ್ರ. ನಾನು ಎರಡು ಸಣ್ಣ ಡಿಸ್ಕ್ ನೇರವಾಗಿ ಸಿಕ್ಕಿಸಿ, ಹಾಡಿನ ಮಧ್ಯೆ ಡಿಸ್ಕ್ ಮಾಯವಾಗುವುದು ಯಾಕೆ ಅಂತ ಒಂದು ವಾರ ತಲೆ ಕೆಡಿಸಿಕೊಂಡಿದ್ದೆ.

ತಂತ್ರಾಂಶಕ್ಕೆ ಲಿರಿಯನ್ ಮ್ಯೂಸಿಕ್ ಸರ್ವರ್ ಹಾಕಿ. ಹಿಂದೆ ಲಾಜಿಟೆಕ್ ಮೀಡಿಯಾ ಸರ್ವರ್ ಅಂತ ಇದ್ದದ್ದೇ ಇದು, ಉಚಿತ. ಮೂರು ಕಡೆಯೂ ಒಂದೇ ಹಾಡು ಒಟ್ಟಿಗೆ ಬರಬೇಕು ಅಂದರೆ ನನಗೆ ತಿಳಿದ ಮಟ್ಟಿಗೆ ಇದಕ್ಕಿಂತ ಸುಲಭದ ದಾರಿ ಇಲ್ಲ. ಟಿವಿ, ಆಂಪ್ಲಿಫೈಯರ್‌ಗಳಲ್ಲಿ ಬರುವ ಡಿಎಲ್‌ಎನ್‌ಎಯಲ್ಲಿ ಒಂದು ಕೋಣೆಗೆ ಹಾಡು ಕಳಿಸಬಹುದು, ಆದರೆ ಹಾಲ್ ಮತ್ತು ಅಡುಗೆಮನೆ ತಾಳ ತಪ್ಪದೆ ಒಟ್ಟಿಗೆ ಹಾಡುವುದಿಲ್ಲ. ಒಂದರ ಹಿಂದೆ ಒಂದು ಎಳೆದಂತೆ ಕೇಳಿಸಿ ಹಿಂಸೆ ಆಗುತ್ತದೆ. ಮೂರೂ ಜಾಗಕ್ಕೆ ಒಂದೊಂದು ಸಣ್ಣ ಪೈ, ಅದರಲ್ಲಿ ಪೈಕೋರ್‌ಪ್ಲೇಯರ್ ಅನ್ನುವ ಹಾಡಿಸುವ ತಂತ್ರಾಂಶ, ಮೇಲೊಂದು ಡ್ಯಾಕ್ ಬೋರ್ಡ್ (ಡಿಜಿಟಲ್ ಹಾಡನ್ನು ಸ್ಪೀಕರ್ ಕಡೆಗೆ ಹೋಗುವ ಸಿಗ್ನಲ್ ಮಾಡುವುದು ಇದು), ಆಮೇಲೆ ಮನೆಯಲ್ಲಿರುವ, ಆಂಪ್ಲಿಫೈಯರ್ ಇರುವ ಯಾವುದೇ ಸ್ಪೀಕರ್. ಪೈಕೋರ್‌ಪ್ಲೇಯರ್ ಪೂರ್ತಿ ರ‍್ಯಾಮ್‌ನಲ್ಲೇ ಓಡುವುದರಿಂದ ದಿಢೀರ್ ಅಂತ ಕರೆಂಟ್ ಹೋದರೂ ಮೆಮೊರಿ ಕಾರ್ಡ್ ಹಾಳಾಗುವ ಭಯ ಕಡಿಮೆ. ನಮ್ಮ ಊರುಗಳಿಗೆ ಇದು ಸಣ್ಣ ವಿಷಯ ಅಲ್ಲ.

ವೈಫೈ ಬಗ್ಗೆ: ಸಿಡಿ ಗುಣಮಟ್ಟದ ಫ್ಲಾಕ್‌ಗೆ ಸೆಕೆಂಡಿಗೆ 1 ಮೆಗಾಬಿಟ್ ಇದ್ದರೆ ಹೆಚ್ಚುಕಮ್ಮಿ ಸಾಕು. ಅಂದರೆ ವೇಗ ನಿಮ್ಮ ಸಮಸ್ಯೆಯೇ ಅಲ್ಲ, ಗೋಡೆ ಸಮಸ್ಯೆ. ದುಬಾರಿ ರೂಟರ್ ಕೊಳ್ಳುವ ಬದಲು ಮಹಡಿಗೆ ಒಂದು ಕ್ಯಾಟ್6 ನೆಟ್‌ವರ್ಕ್ ಕೇಬಲ್ ಎಳೆಸಿ. ಡಿಶ್ ಕೇಬಲ್ ಹೋಗಿರುವ ತೂತಿನಲ್ಲೇ ಹೋಗುತ್ತದೆ.

ಇನ್ನು ನಾನು ಒತ್ತಿ ಹೇಳಬೇಕಾದದ್ದು. ಪೆಟ್ಟಿಗೆ ಯಾವುದಾದರೂ ಇರಲಿ, ಕಷ್ಟದ ಕೆಲಸ ಹೆಸರು ಹಾಕುವುದು. ಸಿನಿಮಾ ಹಾಡಿನ ಸಂಗ್ರಹಗಳಲ್ಲಿ ಒಂದೊಂದು ಹಾಡಿಗೆ ಒಬ್ಬೊಬ್ಬ ಗಾಯಕರು ಇರುತ್ತಾರೆ ಅಲ್ವಾ, ಹಾಡಿನ ವಿವರದಲ್ಲಿ 'ಆಲ್ಬಮ್ ಆರ್ಟಿಸ್ಟ್' ಜಾಗ ಖಾಲಿ ಬಿಟ್ಟರೆ ಎಷ್ಟೋ ಪ್ಲೇಯರ್‌ಗಳಲ್ಲಿ ಒಂದು ಸಿಡಿ ಹನ್ನೆರಡು ತುಂಡಾಗಿ ಕಾಣಿಸುತ್ತದೆ. ಅಲ್ಲಿ ತಪ್ಪದೆ 'ವಿವಿಧ ಕಲಾವಿದರು' ಅಂತ ತುಂಬಿ. ಪಿ.ಬಿ. ಶ್ರೀನಿವಾಸ್, ಪಿ ಬಿ ಶ್ರೀನಿವಾಸ, ಪಿಬಿಎಸ್ ಅಂತ ಮೂರು ಥರ ಬರೆದರೆ ಮೂರು ಜನ ಆಗುತ್ತಾರೆ. ಕನ್ನಡದಲ್ಲಿ ಇನ್ನೊಂದು ತೊಡಕಿದೆ. ಕೆಲವು ಕೀಬೋರ್ಡ್‌ಗಳು 'ಸ್' ಆದಮೇಲೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಬಿಡುತ್ತವೆ. ನೋಡಲು ಎರಡೂ 'ಶ್ರೀನಿವಾಸ್' ಒಂದೇ, ಸರ್ವರ್‌ಗೆ ಮಾತ್ರ ಬೇರೆ ಬೇರೆ. ಅದಕ್ಕೇ ಹೆಸರುಗಳನ್ನು ಒಂದು ಕಡೆ ಪಟ್ಟಿ ಮಾಡಿಟ್ಟು, ಅಲ್ಲಿಂದಲೇ ಕಾಪಿ ಮಾಡಿ ಅಂಟಿಸಿ. ಮ್ಯೂಸಿಕ್‌ಬ್ರೈನ್ಜ್ ಪಿಕಾರ್ಡ್ ಅನ್ನುವ ತಂತ್ರಾಂಶದಲ್ಲಿ ಈ ಕೆಲಸ ಸಲೀಸು, ಆದರೆ ಕನ್ನಡ ಸಿಡಿಗಳ ವಿವರ ಅದಕ್ಕೇ ಸಿಗುವುದು ಅಪರೂಪ, ಕೈಯಲ್ಲೇ ತುಂಬಬೇಕು. ದಿನಕ್ಕೆ ಐದು ಸಿಡಿ ಅಂದುಕೊಳ್ಳಿ, 80 ದಿನ. ಅವಸರ ಮಾಡಬೇಡಿ.

ಎರಡನೆಯದು ನಕಲು. ನಾನು ಎರಡು ಡಿಸ್ಕ್ ರೇಡ್ 1 ಮಾಡಿ (ಒಂದರಲ್ಲಿ ಬರೆದದ್ದೆಲ್ಲಾ ಇನ್ನೊಂದರಲ್ಲೂ ಒಟ್ಟಿಗೇ ಕೂರುವ ಹಾಗೆ) ಇನ್ನು ಚಿಂತೆ ಇಲ್ಲ ಅಂದುಕೊಂಡಿದ್ದೆ. ಒಂದು ರಾತ್ರಿ ನಿದ್ದೆಗಣ್ಣಿನಲ್ಲಿ ದಾಸರ ಪದಗಳ ಫೋಲ್ಡರ್ ಪೂರ್ತಿ ಅಳಿಸಿದೆ. ಎರಡೂ ಡಿಸ್ಕ್‌ನಿಂದ ಅದೇ ಕ್ಷಣ ಹೋಯಿತು. ರೇಡ್ ಇರುವುದು ಡಿಸ್ಕ್ ಕೆಟ್ಟಾಗ ಹಾಡು ನಿಲ್ಲದಿರಲಿ ಅಂತ, ನಮ್ಮ ಕೈತಪ್ಪಿನಿಂದ ಅದು ಕಾಪಾಡುವುದಿಲ್ಲ. ಆ ದುಡ್ಡಿನಲ್ಲಿ ಇನ್ನೊಂದು ಡಿಸ್ಕ್ ತಂದು, ತಿಂಗಳಿಗೊಮ್ಮೆ ನಕಲು ಮಾಡಿ, ಬೇರೆ ಮನೆಯಲ್ಲಿ ಇಡಿ.

ಧಾರವಾಡದಿಂದ

ಮೈಸೂರಿನವರು ಹೇಳಿದ್ದು ಸರಿ ಇದೆ. ಹಿಂದೂಸ್ತಾನಿ ಸಿಡಿ ಇದ್ದರೆ ಒಂದು ಮಾತು ಸೇರಿಸುತ್ತೇನೆ. ನಿಧಾನದ ವಿಲಂಬಿತ್ ಮುಗಿದು ವೇಗದ ದ್ರುತ್ ಶುರುವಾಗುವಲ್ಲಿ ಸಿಡಿ ಮಾಡಿದವರು ಎರಡು ಟ್ರ್ಯಾಕ್ ಮಾಡಿರುತ್ತಾರೆ, ಹಾಡುವವರು ಅಲ್ಲಿ ನಿಲ್ಲಿಸಿರುವುದಿಲ್ಲ. ಎಷ್ಟೋ ಪ್ಲೇಯರ್‌ಗಳು ಆ ಜಾಗದಲ್ಲಿ ಅರ್ಧ ಸೆಕೆಂಡ್ ಮೌನ ತುರುಕುತ್ತವೆ. ಮಲ್ಲಿಕಾರ್ಜುನ ಮನ್ಸೂರರ ಗಾಯನ ಕೇಳುತ್ತಾ ಕೂತಾಗ ಹಾಗೆ ಆದರೆ ಎದೆಗೇ ಚುಚ್ಚಿದ ಹಾಗಾಗುತ್ತದೆ. ಎಂಪಿ3 ಮಾಡುವಾಗ ಟ್ರ್ಯಾಕಿನ ಎರಡೂ ತುದಿಗೆ ಸಣ್ಣ ಖಾಲಿ ಜಾಗ ಸೇರಿಕೊಳ್ಳುತ್ತದೆ, ಫ್ಲಾಕ್‌ನಲ್ಲಿ ಆ ತೊಂದರೆ ಇಲ್ಲ. ಹೊಸ ಉಪಕರಣ ಕೊಳ್ಳುವ ಮುಂಚೆ ಇಂಥ ಎರಡು ಟ್ರ್ಯಾಕ್ ಪೆನ್‌ಡ್ರೈವ್‌ನಲ್ಲಿ ಒಯ್ದು ಅಂಗಡಿಯಲ್ಲೇ ಹಾಕಿ ಕೇಳಿ.

ರಾಗದ ಹೆಸರನ್ನು ನಾನು 'ಜಾನರ್' (ಸಂಗೀತದ ಪ್ರಕಾರ) ಜಾಗದಲ್ಲಿ ಅರ್ಧವಿರಾಮ ಹಾಕಿ ಬರೆಯುತ್ತೇನೆ, 'ಹಿಂದೂಸ್ತಾನಿ; ಯಮನ್' ಹೀಗೆ. ಲಿರಿಯನ್‌ಗೆ ಸೆಟ್ಟಿಂಗ್‌ನಲ್ಲಿ ಹೇಳಿಕೊಟ್ಟರೆ ಅದು ಎರಡನ್ನೂ ಬಿಡಿಸಿ ಓದುತ್ತದೆ. ಸಂಜೆ ಯಮನ್ ಅಂತ ಒತ್ತಿದರೆ ಮನೆಯಲ್ಲಿರುವ ಅಷ್ಟೂ ಯಮನ್ ಸಾಲಾಗಿ ಬಂದು ನಿಲ್ಲುತ್ತವೆ.

ಉಡುಪಿಯಿಂದ

ಕ್ಯಾಸೆಟ್ ಬಗ್ಗೆ ಯಾರೂ ಹೇಳಲಿಲ್ಲ. ನಾನು ನಮ್ಮ ಮಾವನ ತಾಳಮದ್ದಳೆ ಕ್ಯಾಸೆಟ್‌ಗಳನ್ನು ಮಾಡಿ ಮುಗಿಸಿದ್ದೇನೆ. ಸಿಡಿಗಿಂತ ಮೊದಲು ಕ್ಯಾಸೆಟ್ ಕೈಗೆತ್ತಿಕೊಳ್ಳಿ, ಹಾಳಾಗುವುದು ಅದೇ ಮೊದಲು. ನಮ್ಮ ಮಳೆಗೆ ಟೇಪಿನ ಮೇಲೆ ಬಿಳಿ ಬೂಷ್ಟು ಹಿಡಿಯುತ್ತದೆ, ಶಿವಮೊಗ್ಗದಲ್ಲೂ ಹಾಗೇ ಇರಬೇಕು. ಬೂಷ್ಟು ಹಿಡಿದದ್ದನ್ನು ಒಳ್ಳೆ ಡೆಕ್‌ಗೆ ನೇರ ಹಾಕಬೇಡಿ, ಅದು ಹೆಡ್‌ಗೆ ಅಂಟಿ ಉಳಿದ ಕ್ಯಾಸೆಟ್‌ಗೂ ಹರಡುತ್ತದೆ. ಕೆಲವು ಕ್ಯಾಸೆಟ್‌ಗಳಲ್ಲಿ ಟೇಪನ್ನು ಹೆಡ್‌ಗೆ ಒತ್ತುವ ಸಣ್ಣ ಮೆತ್ತೆ ಉದುರಿ ಹೋಗಿರುತ್ತದೆ. ಆಗ ಸ್ಕ್ರೂ ಇರುವ ಬೇರೆ ಕ್ಯಾಸೆಟ್‌ನ ಡಬ್ಬಿಗೆ ಸುರುಳಿ ಬದಲಾಯಿಸಿ.

ಹಾಕುವ ಮುಂಚೆ ಒಮ್ಮೆ ಕೊನೆವರೆಗೆ ಓಡಿಸಿ, ಪೂರ್ತಿ ಹಿಂದಕ್ಕೆ ಸುತ್ತಿ. ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒರೆಸಿ. ಧ್ವನಿ ಮಂಕಾಗಿ ಬಂದರೆ ಟೇಪ್ ಹಾಳಾಗಿದೆ ಅಂತ ಕೈಬಿಡಬೇಡಿ, ಹೆಡ್ ಪಕ್ಕದ ಸಣ್ಣ ಸ್ಕ್ರೂ ಒಂದು ಕೂದಲೆಳೆ ತಿರುಗಿಸಿ ನೋಡಿ, ಚಂಡೆಯ ಪೆಟ್ಟು ಸ್ಪಷ್ಟ ಆಗುವ ಜಾಗ ಸಿಗುತ್ತದೆ. ನಂತರ ಡೆಕ್‌ನ ಲೈನ್ ಔಟ್‌ನಿಂದ ಯುಎಸ್‌ಬಿ ಸೌಂಡ್ ಕಾರ್ಡ್‌ಗೆ, ಅಲ್ಲಿಂದ ಕಂಪ್ಯೂಟರ್‌ನಲ್ಲಿ ಅಡಾಸಿಟಿ ಅನ್ನುವ ರೆಕಾರ್ಡಿಂಗ್ ತಂತ್ರಾಂಶಕ್ಕೆ. ಜೋರು ಜಾಗದಲ್ಲೂ ಮೈನಸ್ 6 ಡೆಸಿಬಲ್ ದಾಟದ ಹಾಗೆ ಇಡಿ. ಒಂದು ಗಂಟೆಯ ಕ್ಯಾಸೆಟ್‌ಗೆ ಒಂದು ಗಂಟೆ ಬೇಕೇ ಬೇಕು, ಇದರಲ್ಲಿ ಅಡ್ಡದಾರಿ ಇಲ್ಲ. ಗೊರಗೊರ ಸದ್ದು ತೆಗೆಯುವ ಫಿಲ್ಟರ್ ಮೂಲ ಫೈಲ್‌ಗೆ ಹಾಕಬೇಡಿ, ಅದು ತಂಬೂರಿಯ ಝೇಂಕಾರವನ್ನೂ ತಿನ್ನುತ್ತದೆ. ಮೂಲ ಹಾಗೇ ಇಟ್ಟು ನಕಲಿಗೆ ಹಾಕಿ.

ಕ್ಯಾಸೆಟ್ ಒಳಗಿನ ಕಾರ್ಡ್ ಎಸೆಯಬೇಡಿ. ಅದರ ಫೋಟೊ ತೆಗೆದು ಅದನ್ನೇ ಆಲ್ಬಮ್ ಚಿತ್ರವಾಗಿ ಹಾಕಿ.

ಹಾಸನದಿಂದ

ಕರೆಂಟ್ ಬಗ್ಗೆ ಚಿಕ್ಕದಾಗಿ. ಎರಡು ಡಿಸ್ಕಿನ ನ್ಯಾಸ್ 20 ವ್ಯಾಟ್ ಎಳೆದರೆ ತಿಂಗಳಿಗೆ 14 ಯೂನಿಟ್ ಚಿಲ್ಲರೆ. ಪೈ ಮತ್ತು ಒಂದು ಡಿಸ್ಕ್ ಅದರ ಅರ್ಧ. ಆದರೆ ಸರ್ವರ್‌ಗೆ ಒಂದು ಸಣ್ಣ ಯುಪಿಎಸ್ ಇರಲಿ, ಬರೆಯುತ್ತಿರುವಾಗ ಕರೆಂಟ್ ಹೋದರೆ ಡಿಸ್ಕ್‌ಗೆ ಒಳ್ಳೆಯದಲ್ಲ. ರೂಟರ್‌ನಲ್ಲಿ ಸರ್ವರ್‌ಗೆ ಒಂದೇ ಐಪಿ ವಿಳಾಸ ಕಾಯಂ ಮಾಡಿ, ಇಲ್ಲದಿದ್ದರೆ ಕರೆಂಟ್ ಬಂದಮೇಲೆ ವಿಳಾಸ ಬದಲಾಗಿ ಫೋನಿನಲ್ಲಿ ಉಳಿಸಿಟ್ಟ ಲಿಂಕ್ ಕೆಲಸ ಮಾಡುವುದಿಲ್ಲ. ಹೊರಗಿನಿಂದ ಕೇಳುವ ಆಸೆಗೆ ರೂಟರ್‌ನಲ್ಲಿ ಪೋರ್ಟ್ ತೆರೆಯಬೇಡಿ, ವೈರ್‌ಗಾರ್ಡ್ ಥರದ ವಿಪಿಎನ್ (ಬೇರೆಯವರು ನುಸುಳಲಾಗದ ಖಾಸಗಿ ದಾರಿ) ಬಳಸಿ.

ಕೇಳಿದವರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನ್ಯಾಸ್ ಬೇಡ ಅಂತ ತೀರ್ಮಾನ ಆಯಿತು. ಪೈ, ಎರಡು ಡಿಸ್ಕ್, ಕೇಬಲ್ ತರುತ್ತೇನೆ. ಎರಡನೇ ಡಿಸ್ಕ್ ಭದ್ರಾವತಿಯಲ್ಲಿ ತಂಗಿ ಮನೆಯಲ್ಲಿ ಇರುತ್ತದೆ. ಎರಡು ಪ್ರಶ್ನೆ. ಅಪ್ಪ ಎಲ್ಲಾ ಸಿಡಿಗಳ ಪಟ್ಟಿಯನ್ನು ಕಂಪ್ಯೂಟರ್‌ನಲ್ಲಿ ಟೈಪ್ ಮಾಡಿಟ್ಟಿದ್ದಾರೆ, ತೆರೆದರೆ ಏನೇನೋ ಇಂಗ್ಲಿಷ್ ಅಕ್ಷರ ಕಾಣುತ್ತದೆ. ಮತ್ತೆ, ಅಮ್ಮ ಇದನ್ನು ಹೇಗೆ ಹಾಕಿಕೊಳ್ಳಬೇಕು?

ಮೈಸೂರಿನಿಂದ

ಪಟ್ಟಿ ಹಳೇ 'ನುಡಿ' ಅಥವಾ 'ಬರಹ' ತಂತ್ರಾಂಶದಲ್ಲಿ ಟೈಪ್ ಆಗಿರಬೇಕು, ಯೂನಿಕೋಡ್‌ಗೆ ಬದಲಾಯಿಸುವ ಪರಿವರ್ತಕ ಉಚಿತವಾಗಿ ಸಿಗುತ್ತದೆ. ಅದು ಸಿಕ್ಕಿದ್ದು ದೊಡ್ಡ ಅದೃಷ್ಟ, ನಿಮ್ಮ ಅರ್ಧ ಕೆಲಸ ಅಪ್ಪನೇ ಮಾಡಿಟ್ಟಿದ್ದಾರೆ. ಹಾಡಿನ ಹೆಸರು ಕನ್ನಡದಲ್ಲೇ ಇರಲಿ, ಫೋಲ್ಡರ್ ಹೆಸರು ಮಾತ್ರ ಇಂಗ್ಲಿಷ್ ಅಕ್ಷರದಲ್ಲಿಡಿ. ಹಳೇ ಉಪಕರಣಗಳಲ್ಲಿ ಕನ್ನಡ ಫಾಂಟ್ ಇರುವುದಿಲ್ಲ, ಬರೀ ಚೌಕ ಕಾಣುತ್ತದೆ.

ನಮ್ಮಮ್ಮನೂ ಫೋನ್ ಮುಟ್ಟುತ್ತಿರಲಿಲ್ಲ. ಲಿರಿಯನ್‌ನಲ್ಲಿ ಅಲಾರಂ ಇದೆ. ಬೆಳಿಗ್ಗೆ 6ಕ್ಕೆ ಅಡುಗೆಮನೆಯಲ್ಲಿ ದೇವರನಾಮ, ಸಂಜೆ 5ಕ್ಕೆ ಹಾಲ್‌ನಲ್ಲಿ ಭಾವಗೀತೆ ಅಂತ ಇಟ್ಟುಬಿಟ್ಟೆ. ತಾನೇ ಶುರುವಾಗುತ್ತದೆ, ಸಾಕೆನಿಸಿದಾಗ ಅಮ್ಮ ಸ್ಪೀಕರ್ ಸ್ವಿಚ್ ಆರಿಸುತ್ತಾರೆ. ಆಮೇಲೆ ಒಂದು ಹಳೇ ಟ್ಯಾಬ್ಲೆಟ್ ಗೋಡೆಗೆ ಹಾಕಿದೆ, ಅದರಲ್ಲಿ ಆಲ್ಬಮ್ ಚಿತ್ರಗಳು ಮಾತ್ರ. ಅಮ್ಮ ಹೆಸರು ಓದುವುದಿಲ್ಲ, ಹೊದಿಕೆ ನೋಡಿ ಒತ್ತುತ್ತಾರೆ. ಅದಕ್ಕೇ ಉಡುಪಿಯವರ ಮಾತು ಬಿಡಬೇಡಿ. ಕಾರ್ಡ್ ಮೇಲೆ ನಿಮ್ಮಪ್ಪನ ಕೈಬರಹ ಇದ್ದರೆ ಅಮ್ಮ ಅದನ್ನೇ ಮೊದಲು ಗುರುತು ಹಿಡಿಯುತ್ತಾರೆ. ಬೆಳಕಿನಲ್ಲಿ ನೇರವಾಗಿ ಫೋಟೊ ತೆಗೆಯಿರಿ, 1000 ಪಿಕ್ಸೆಲ್ ಅಗಲ ಇದ್ದರೆ ಸಾಕು.