ಡಯಾಲಿಸಿಸ್ ಮಾಡಿಸಿಕೊಳ್ಳುವವರು ವ್ಯಾಯಾಮ ಮಾಡಬಹುದೇ? ಅನುಭವ ಇದ್ದವರು ತಿಳಿಸಿ

ಪ್ರಶ್ನೆ, ರಾಯಚೂರಿನಿಂದ: ಅಪ್ಪನಿಗೆ ವಾರಕ್ಕೆ ಮೂರು ಬಾರಿ ಡಯಾಲಿಸಿಸ್ ನಡೆಯುತ್ತಿದೆ. ಈಗ ಎದ್ದು ನಿಲ್ಲಲೂ ಗೋಡೆ ಹಿಡಿಯುತ್ತಾರೆ. ವೈದ್ಯರು ಸ್ವಲ್ಪ ಓಡಾಡಲಿ ಎನ್ನುತ್ತಾರೆ, ಬಂಧುಗಳು ಮಲಗಿಸಿಬಿಡು ಎನ್ನುತ್ತಾರೆ. ಏನು ಮಾಡಲಿ?

ಬಳ್ಳಾರಿಯಿಂದ: ತಂಗಿ, ಮಲಗಿಸಬೇಡ. ಮಲಗಿದಷ್ಟೂ ತೊಡೆಯ ಶಕ್ತಿ ಕರಗುತ್ತದೆ, ನಮ್ಮ ಯಜಮಾನರಲ್ಲಿ ಕಣ್ಣಾರೆ ಕಂಡಿದ್ದೇನೆ. ವೈದ್ಯರನ್ನು ಕೇಳಿಕೊಂಡೇ ಡಯಾಲಿಸಿಸ್ ಇಲ್ಲದ ದಿನಗಳಲ್ಲಿ ಬೆಳಗ್ಗೆ ಹತ್ತು ನಿಮಿಷ, ಸಂಜೆ ಹತ್ತು ನಿಮಿಷ ಅಂಗಳದಲ್ಲೇ ನಡೆಸಿದೆವು. ಇಟಲಿಯಲ್ಲಿ ಹೆಚ್ಚುಕಡಿಮೆ ಇದೇ ಕ್ರಮವನ್ನು ಆರು ತಿಂಗಳು ಪಾಲಿಸಿದ ರೋಗಿಗಳು ಆರು ನಿಮಿಷಕ್ಕೆ ಸರಾಸರಿ 328 ಮೀಟರ್ ನಡೆಯುತ್ತಿದ್ದವರು 367 ಮೀಟರ್ ನಡೆದರು. 2017ರಲ್ಲಿ ಪ್ರಕಟವಾದ ಅಧ್ಯಯನವಿದು. ನಡೆಯುವಾಗ ಮಾತು ತುಂಡಾಗಬಾರದು, ತುಂಡಾದರೆ ನಿಧಾನಿಸಬೇಕು. ಜೊತೆಗೆ ಕುರ್ಚಿಯಿಂದ ಏಳುವುದು, ಕೂರುವುದು. ಮೊದಲೆಲ್ಲ ನಮ್ಮ ಯಜಮಾನರು ಹಿಡಿಕೆಗೆ ಎರಡೂ ಅಂಗೈ ಊರಿ, ಉಸಿರು ಬಿಗಿಹಿಡಿದು ಏಳುತ್ತಿದ್ದರು. ಈಗ ಕೈಕಟ್ಟಿಕೊಂಡೇ ಏಳುತ್ತಾರೆ. ಮೊನ್ನೆ ಬಸ್ಸಿನ ಮೆಟ್ಟಿಲನ್ನು ಯಾರ ಆಸರೆಯೂ ಇಲ್ಲದೆ ಹತ್ತಿದರು. ಹಿಂದೆ ನಿಂತಿದ್ದ ನನಗೆ ಅಳುವೇ ಬಂತು.

ಕೊಪ್ಪಳದಿಂದ, ಡಯಾಲಿಸಿಸ್ ಘಟಕದಲ್ಲಿ ಕೆಲಸ ಮಾಡುವವನು: ಅಕ್ಕ ಹೇಳಿದ್ದು ಸರಿ. ಆದರೆ ಫಿಸ್ಟುಲಾ, ಅಂದರೆ ಡಯಾಲಿಸಿಸ್ ಸೂಜಿ ಚುಚ್ಚಲು ರಕ್ತನಾಳಗಳನ್ನು ಜೋಡಿಸಿದ ಜಾಗ, ಇರುವ ಕೈಯಲ್ಲಿ ತುಂಬಿದ ಕೊಡ ಎತ್ತಿಸಬೇಡಿ, ಆ ಕೈಗೆ ಬಿಪಿ ಪಟ್ಟಿ ಕಟ್ಟಿಸಬೇಡಿ. ಅಲ್ಲಿ ಬೆರಳಿಟ್ಟರೆ ಝುಂ ಎನ್ನುವ ಕಂಪನ ದಿನವೂ ಸಿಗಬೇಕು. ಸಿಗದಿದ್ದರೆ ತಕ್ಷಣ ಆಸ್ಪತ್ರೆಗೆ ಬನ್ನಿ. ಮಾಡಿಸಬೇಕಿದ್ದ ಡಯಾಲಿಸಿಸ್ ತಪ್ಪಿದ ದಿನ, ಜ್ವರವಿದ್ದಾಗ, ಕಾಲು ಊದಿದಾಗ, ಏದುಸಿರು ಬರುವಾಗ ವ್ಯಾಯಾಮ ಬೇಡವೇ ಬೇಡ. ಎದೆನೋವು, ತಲೆಸುತ್ತು ಬಂದರೆ ಅಲ್ಲೇ ಕೂರಿಸಿ. ಡಯಾಲಿಸಿಸ್ ಮುಗಿಸಿ ಮನೆಗೆ ಹೋದ ಮೇಲೆ ಬಿಪಿ ಇಳಿದಿರುತ್ತದೆ, ಅಂದು ವಿಶ್ರಾಂತಿಯೇ ಸರಿ. ಇನ್ನೊಂದು ಮಾತು: ಚೆನ್ನಾಗಿ ನಡೆಯುತ್ತಿದ್ದಾರೆಂದು ಕೆಲವರು ಡಯಾಲಿಸಿಸ್ ಬಿಡಿಸಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ನಡಿಗೆಯಿಂದ ಕಾಲಿಗೆ ಬಲ ಬರುತ್ತದೆ, ರಕ್ತ ಶುದ್ಧವಾಗುವುದಿಲ್ಲ.

ರಾಯಚೂರಿನಿಂದಲೇ, ನಾನೂ ಡಯಾಲಿಸಿಸ್‌ನಲ್ಲಿರುವವನು: ನಮ್ಮೂರಿನ ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಸೂರ್ಯ ಹುಟ್ಟುವ ಹೊತ್ತಿಗೇ ನಡಿಗೆ ಮುಗಿಸಿಬಿಡಿ. ಬೆವರಿತೆಂದು ಎಳನೀರು ಕುಡಿಸಬೇಡಮ್ಮ. ಅದರಲ್ಲಿ ಪೊಟ್ಯಾಸಿಯಂ ಹೆಚ್ಚು, ನಮ್ಮಂಥವರ ಹೃದಯದ ಬಡಿತವನ್ನೇ ಏರುಪೇರು ಮಾಡುತ್ತದೆ. ವೈದ್ಯರು ಹೇಳಿದ ಅಳತೆಯ ನೀರನ್ನು ಬೆಳಗ್ಗೆಯೇ ಒಂದು ಬಾಟಲಿಗೆ ತುಂಬಿಡುತ್ತೇನೆ. ಬಾಯಾರಿದಾಗ ಅದರಿಂದ ಒಂದು ಗುಟುಕು, ಉಳಿದಂತೆ ಬಾಯಿ ಮುಕ್ಕಳಿಸಿ ಉಗುಳುತ್ತೇನೆ. ಅಪ್ಪನಿಗೆ ಹೊರಗೆ ಬರಲು ಸಂಕೋಚವಿದ್ದರೆ ಹೇಳು. ಮಾವಿನ ಕೆರೆಯ ಕಡೆ ನಾನು ನಿಧಾನವಾಗಿಯೇ ನಡೆಯುವವನು, ಜೊತೆಗೆ ಕರೆದೊಯ್ಯುತ್ತೇನೆ.